ಕ್ರಿಯಾಪದ ಎಲ್ಲಿ?

ಎಲ್ಲ ಶುರುವಾದದ್ದು ಒಂದು ಬೆಣ್ಣೆಯ ಕಲೆಯಿಂದ.

ಬೇಕರಿಯ ಹಿಂದಿನ ಕೋಣೆಯಲ್ಲಿ ಕೇಕಿನ ಮೇಲೆ ಅಕ್ಷರ ಬರೆಯುವುದು ಆಕೆಯ ಕೆಲಸ. ಕ್ರೀಮು ತುಂಬಿದ ಕೋನನ್ನು ಹಿಡಿದು ಒಮ್ಮೆ ಉಸಿರು ಬಿಗಿದಳೆಂದರೆ ಸಾಲು ಮುಗಿಯುವವರೆಗೆ ಬಿಡುತ್ತಿರಲಿಲ್ಲ. ಇಂಗ್ಲಿಷಿನ ಅಕ್ಷರಗಳನ್ನು ಬಳ್ಳಿ ಬಿಡಿಸಿದಷ್ಟು ಚೆಂದವಾಗಿ ಬಿಡಿಸುತ್ತಿದ್ದಳು. ಅರ್ಥವೇನೆಂದು ಯಾರಾದರೂ ಕೇಳಿದರೆ, ಬಳ್ಳಿಗೆಲ್ಲಾದರೂ ಅರ್ಥವಿರುತ್ತದೆಯೇ ಎಂಬಂತೆ ಮುಖ ನೋಡುತ್ತಿದ್ದಳು.

ಬೇಕರಿಯವರಿಗೆಲ್ಲ ಆಕೆ ಕ್ರೀಮಕ್ಕ. ಮನೆಯಲ್ಲಿ ತಮ್ಮನಿಗೆ ಅಕ್ಕ, ತಮ್ಮನ ಹೆಂಡತಿಗೆ ಅತ್ತಿಗೆ. ಹೆತ್ತವರು ಇಟ್ಟ ಹೆಸರನ್ನು ಹಿಡಿದು ಕರೆಯುವವರು ಹೆತ್ತವರ ಜೊತೆಗೇ ಹೊರಟುಹೋಗಿದ್ದರು. ಅವರಿಬ್ಬರ ಕಾಯಿಲೆ ನೋಡಿಕೊಳ್ಳುವುದರಲ್ಲಿ ಆಕೆಯ ಮದುವೆಯ ವಯಸ್ಸು, ಕೂತಲ್ಲೇ ತೂಕಡಿಸಿ ಇಳಿಯುವ ಸ್ಟಾಪು ದಾಟಿದವರ ಹಾಗೆ, ಸದ್ದಿಲ್ಲದೆ ದಾಟಿತ್ತು. ಅದಕ್ಕಾಗಿ ಆಕೆ ದೇವರ ಮೇಲೆ ಮುನಿಸಿಕೊಂಡವಳಲ್ಲ. ಕೊಟ್ಟದ್ದನ್ನು ಕೈಮುಗಿದು ತೆಗೆದುಕೊಳ್ಳುವುದು ರೂಢಿಯಾಗಿತ್ತು.

ಆ ದಿನ ಯಾರೋ ಒಬ್ಬರು ಕಾಲು ಮುರಿದುಕೊಂಡು ಮಲಗಿದ್ದ ಗೆಳೆಯನಿಗೆಂದು ಕೇಕು ಹೇಳಿ, ಬರೆಯಬೇಕಾದ ಮಾತನ್ನು ಚೀಟಿಯಲ್ಲಿ ಕೊಟ್ಟುಹೋಗಿದ್ದರು: ಗೆಟ್ ವೆಲ್ ಸೂನ್. ಬೇಗ ಗುಣವಾಗಲಿ ಎಂದರ್ಥ. ಚೀಟಿ ಬೆಣ್ಣೆಯ ಡಬ್ಬದ ಪಕ್ಕ ಬಿದ್ದು ಕಲೆ ಹತ್ತಿ, ಮೊದಲ ಮಾತಿನಲ್ಲಿ 'ಜಿ' ಒಂದೇ ಉಳಿಯಿತು. 'ಜಿ'ಯಿಂದ ಶುರುವಾಗುವ ಮಾತು ಆಕೆಗೆ ಗೊತ್ತಿದ್ದದ್ದು ಒಂದೇ. ಉಸಿರು ಬಿಗಿಹಿಡಿದು, ಅಂಚಿಗೆ ಸಣ್ಣ ಹೂಗಳನ್ನಿಟ್ಟು, ಬರೆದಳು: ಗೋ ವೆಲ್ ಸೂನ್.

ಬೇಗ ಹೊರಡಿ, ಚೆನ್ನಾಗಿ ಹೊರಡಿ.

ಕೇಕು ಕೊಂಡವರು ಮರುದಿನ ಬಂದು ಅಂಗಡಿಯ ಮುಂದೆ ಕೂಗಾಡಿ ಹೋದರು. ಅವರು ಹೋದ ಮೇಲೆ ಮಾಲೀಕರು ತಲೆಯ ಮೇಲೆ ಕೈ ಹೊತ್ತು ಕುಳಿತರು. "ಒಂದು ವರ್ಬು ಕಣಮ್ಮಾ! ಒಂದೇ ಒಂದು ವರ್ಬು! ಕಾಯಿಲೆ ಮಲಗಿದವರನ್ನ ಕೇಕು ಕೊಟ್ಟು ಬೀಳ್ಕೊಟ್ಟುಬಿಟ್ಟೆಯಲ್ಲ! ಆ ಸೈಕಲ್ ಅಂಗಡಿ ಮಹಡಿ ಮೇಲೆ ಸಂಜೆ ಕ್ಲಾಸು ನಡೆಯುತ್ತಂತೆ. ಹೊಸ ಟರ್ಮು ಶುರುವಾದ ಕೂಡಲೇ ಹೋಗು."

"ಈ ವಯಸ್ಸಿನಲ್ಲಾ ಅಣ್ಣಾ?"

"ನಿನ್ನ ವಯಸ್ಸು ಬಿಡು, ನನ್ನ ಗಿರಾಕಿಗಳ ಆಯಸ್ಸು ನೋಡು."

ಹಾಗೆ ಒಂದೂವರೆ ತಿಂಗಳ ಮೇಲೆ ಆಕೆ ಇಂಗ್ಲಿಷಿಗೆ ಸೇರಿದಳು.

ಸೈಕಲ್ ಅಂಗಡಿಯ ಮಹಡಿಗೆ ಕಡಿದಾದ ಮೆಟ್ಟಿಲು. ಮೇಲೆ ಮಕ್ಕಳ ಅಳತೆಯ ಬೆಂಚುಗಳು. ದೊಡ್ಡವರು ಕೂತರೆ ಮೊಣಕಾಲು ಗಲ್ಲಕ್ಕೆ ತಾಗಬೇಕು. ಕೆಳಗಿನಿಂದ ಗಾಳಿ ಹೊಡೆಯುವ ಪಂಪಿನ ಉಸ್ಸು ಬುಸ್ಸು. ಕಪ್ಪುಹಲಗೆಯ ಮುಂದೆ ಟೀಚರಮ್ಮ. ನಿವೃತ್ತರಾಗಿ ಬಹಳ ಕಾಲವಾಗಿದ್ದರೂ ದನಿ ನಿವೃತ್ತವಾಗಿರಲಿಲ್ಲ.

"ಒಬ್ಬೊಬ್ಬರೂ ಯಾಕೆ ಬಂದಿದೀರಿ ಹೇಳಿ."

ಹಿಂದಿನ ಬೆಂಚಿನ ಕ್ಷೌರಿಕ ಮೊದಲು ಎದ್ದ. "ಗಿರಾಕಿ ಕುರ್ಚಿ ಮೇಲೆ ಕೂತು ಫೋನಿನಲ್ಲಿ ಇಂಗ್ಲಿಷ್ ಮಾತಾಡ್ತಾರೆ ಟೀಚರಮ್ಮ. ಕತ್ತಿ ನನ್ನ ಕೈಲಿರುತ್ತೆ, ಕಥೆ ಅರ್ಧಕ್ಕೇ ನಿಲ್ಲುತ್ತೆ. ಹೊಟ್ಟೆ ಉರಿಯುತ್ತೆ."

ಆಕೆಯ ಸರದಿ ಬಂದಾಗ, ಸುಳ್ಳು ಹೇಳಲು ಬಾರದವಳು, ಕೇಕಿನ ಕಥೆಯನ್ನು ಇದ್ದಂತೆ ಹೇಳಿದಳು. ಕೋಣೆ ನಕ್ಕಿತು. ನಗು ಇಳಿಯುವ ಹೊತ್ತಿಗೆ ಪಕ್ಕದ ಬೆಂಚಿನಿಂದ ಒಬ್ಬಾತ ಊರುಗೋಲು ಹಿಡಿದು ಎದ್ದು ನಿಂತ. ಅಗಲ ಹೆಗಲು, ಕಿವಿಯ ಮೇಲೆ ನರೆತ ಕೂದಲು, ಜೇಬಿನಲ್ಲಿ ಸ್ಕ್ರೂಡ್ರೈವರು.

"ಆ ಕೇಕು ತಿಂದವನು ನಾನೇ."

ಆಕೆಯ ಮುಖ ಬಿಳಿಚಿತು. "ತಿಂ... ತಿಂದಿರಾ?"

"ಪೂರ್ತಿ. 'ಗೋ'ದಿಂದಲೇ ಶುರು ಮಾಡಿದೆ. ಗೆಳೆಯರೆಲ್ಲ ಮಂಚದ ಸುತ್ತ ನಿಂತು ಬಿದ್ದೂ ಬಿದ್ದೂ ನಗ್ತಿದ್ರು. ಯಾಕೆ ಅಂತ ಗೊತ್ತಾಗಲಿಲ್ಲ, ಮರ್ಯಾದೆಗೆ ನಾನೂ ನಕ್ಕೆ. ಆಮೇಲೆ ಅರ್ಥ ಹೇಳಿದ್ರು. ನನ್ನ ಸಾವಿಗೆ ನಾನೇ ನಕ್ಕ ಹಾಗಾಯ್ತಲ್ಲ ಅಂತ ಇಲ್ಲಿಗೆ ಸೇರಿದೆ."

"ದಯವಿಟ್ಟು ಕ್ಷಮಿಸಿ..."

"ಅಯ್ಯೋ ಬಿಡಿ. ಕಳಿಸೋದೇ ಆದ್ರೆ ಅಂಥ ಕೇಕು ಕೊಟ್ಟೇ ಕಳಿಸಬೇಕು. ಅಂಚಿನ ಹೂ ಬಹಳ ಚೆನ್ನಾಗಿತ್ತು."

ಹೇಳುವಾಗ ಆತನ ಎಡಗಣ್ಣಿನ ಪಕ್ಕ ಎರಡು ಗೆರೆ ಮೂಡಿದವು. ಆಕೆ ಅದನ್ನು ನೋಡಿದಳು. ನೋಡಬಾರದಿತ್ತು ಎಂದು ಬೆಂಚಿನ ಮೇಲಿದ್ದ ಶಾಯಿಯ ಕಲೆ ನೋಡಿದಳು. ಮತ್ತೆ ಗೆರೆ ನೋಡಿದಳು.

ಆತ ಲಿಫ್ಟ್ ರಿಪೇರಿಯವನು. ಕೆಟ್ಟ ಲಿಫ್ಟನ್ನು ಸರಿಮಾಡಲು ಮೆಟ್ಟಿಲು ಹತ್ತುವಾಗ ಜಾರಿ ಕಾಲು ಮುರಿದುಕೊಂಡಿದ್ದ. ಕ್ಷೌರಿಕ ನಿಂತ ನಿಲುವಿನಲ್ಲೇ ಆತನಿಗೆ ಲಿಫ್ಟಣ್ಣ ಎಂದು ಹೆಸರಿಟ್ಟ.

"ಆಯ್ತು, ಈಗ ಪಾಠ," ಎಂದರು ಟೀಚರಮ್ಮ. "ಮನೆಯವರ ಬಗ್ಗೆ ಒಂದೊಂದು ವಾಕ್ಯ. ಲಿಫ್ಟಣ್ಣ, ನೀವೇ ಹೇಳಿ."

ಆತ ಹೇಳಿದ. "ಮೈ ವೈಫ್ ಗುಡ್."

"ಕ್ರಿಯಾಪದ ಎಲ್ಲಿ?"

"ನಮ್ಮಲ್ಲಿ ಬೇಡ ಟೀಚರಮ್ಮ. 'ನನ್ನ ಹೆಂಡತಿ ಒಳ್ಳೆಯವಳು' ಅಂದ್ರೆ ಮುಗೀತು."

"ಕನ್ನಡದಲ್ಲಿ ಮುಗಿಯುತ್ತೆ. ಇಂಗ್ಲಿಷಿನಲ್ಲಿ ಕ್ರಿಯಾಪದ ಇಲ್ಲದ ವಾಕ್ಯ ಗಾಲಿ ಇಲ್ಲದ ಸೈಕಲ್ಲು. ದೂಡಿದ್ರೂ ಹೋಗಲ್ಲ." ಹಲಗೆಯ ಮೇಲೆ ಮೂರು ಮಾತು ಬರೆದರು: ಆಮ್, ಈಸ್, ಆರ್. "ಸದ್ಯಕ್ಕೆ ನಮ್ಮ ಹತ್ರ ಇರೋದು ವರ್ತಮಾನ ಒಂದೇ. ಭೂತಕಾಲ ಆಮೇಲೆ. ಭವಿಷ್ಯ ಅದರ ಆಮೇಲೆ. ನಾನು ಕಲಿಸದೆ ಇರೋ ಕಾಲಕ್ಕೆ ಯಾರೂ ಕೈ ಹಾಕಕೂಡದು. ಇದರಲ್ಲೇ ಒಂದು ಆರಿಸಿಕೊಳ್ಳಿ."

"ಭೂತದ ಪಾಠ ಬೇಡವೇ ಬೇಡ ಟೀಚರಮ್ಮ," ಎಂದ ಕ್ಷೌರಿಕ. "ವರ್ತಮಾನಕ್ಕೇ ಬೆವರ್ತಾ ಇದೀನಿ."

ಲಿಫ್ಟಣ್ಣ ಆ ಮೂರು ಮಾತನ್ನು ಬಹಳ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ, ಜೋಪಾನವಾಗಿ, ಯಾರದೋ ಕೈಹಿಡಿದು ಕೂರಿಸಿದ ಹಾಗೆ ಹೇಳಿದ: "ಮೈ ವೈಫ್ ಈಸ್ ಗುಡ್."

"ಶಹಬ್ಬಾಸ್."

"ಎಲ್ಲರ ಹೆಂಡ್ತೀರೂ ಕ್ಲಾಸಿನಲ್ಲಿ ಗುಡ್ಡೇ," ಎಂದ ಕ್ಷೌರಿಕ.

ಕ್ರೀಮಕ್ಕನೂ ನಕ್ಕಳು. ಒಳಗೆ ಮಾತ್ರ ಏನೋ ಕುಳಿತಂತಾಯಿತು, ಒಲೆಯಿಂದ ಬೇಗ ತೆಗೆದ ಕೇಕು ನಡುವೆ ಕುಸಿಯುವ ಹಾಗೆ. ಅಷ್ಟಕ್ಕೂ ಆತನನ್ನು ಕಂಡು ಒಂದು ಗಂಟೆಯೂ ಆಗಿರಲಿಲ್ಲ. 'ನಿನಗೇನಾಯಿತು?' ಎಂದು ತನ್ನನ್ನೇ ಗದರಿಸಿಕೊಂಡಳು.

ಕ್ಲಾಸು ಮುಗಿದರೆ ಬಸ್ ಸ್ಟಾಪಿನವರೆಗೆ ಇಬ್ಬರದೂ ಒಂದೇ ದಾರಿ. ಊರುಗೋಲಿನವನನ್ನು ಹಿಂದೆ ಬಿಟ್ಟು ಹೋಗಲು ಆಕೆಗೆ ಮನಸ್ಸು ಬರಲಿಲ್ಲ. ಎರಡನೆಯ ವಾರಕ್ಕೆ ಊರುಗೋಲು ಹೋಯಿತು. ನಡಿಗೆ ಮಾತ್ರ ನಿಧಾನವಾಗಿಯೇ ಉಳಿಯಿತು. ಇಬ್ಬರಲ್ಲಿ ಯಾರೂ ಅದರ ಮಾತೆತ್ತಲಿಲ್ಲ.

ಕಂಡದ್ದನ್ನೆಲ್ಲ ವಾಕ್ಯ ಮಾಡುತ್ತ ನಡೆಯುತ್ತಿದ್ದರು.

"ದ ಡಾಗ್ ಸ್ಲೀಪ್," ಎನ್ನುತ್ತಿದ್ದ ಆತ.

"ಸ್ಲೀಪ್ಸ್! ಅವನು, ಅವಳು, ಅದು ಬಂದ್ರೆ ಕ್ರಿಯಾಪದಕ್ಕೆ ಎಸ್ ಅನ್ನೋ ಬಾಲ."

"ನಾಯಿಗೆ ಆಗಲೇ ಒಂದಿದೆಯಲ್ರೀ."

"ನೋಡಿ, ದ ಬಸ್ ಕಮ್ಸ್."

"ಎಲ್ಲಿ? ಬರ್ತಾ ಇಲ್ವಲ್ಲ?"

"ಬರದೆ ಇರೋ ಬಸ್ಸಿನ ಪಾಠ ಇನ್ನೂ ಆಗಿಲ್ಲ."

ಎಸ್ ಅನ್ನುವುದನ್ನು ಆತ ಎಲ್ಲ ಕಡೆಯೂ ಮರೆಯುತ್ತಿದ್ದ. ಒಂದು ಕಡೆ ಮಾತ್ರ ಮರೆಯುತ್ತಿರಲಿಲ್ಲ. ಮೈ ವೈಫ್ ಸಿಂಗ್ಸ್. ಮೈ ವೈಫ್ ಸಿಂಗ್ಸ್ ಬ್ಯಾಡ್ಲಿ. ಮೈ ವೈಫ್ ಸಿಟ್ಸ್ ನಿಯರ್ ದ ವಿಂಡೋ. ನಾಯಿಗೂ ಬಸ್ಸಿಗೂ ಸಿಗದ ಬಾಲ ಹೆಂಡತಿಯ ಕ್ರಿಯಾಪದಕ್ಕೆ ಒಂದು ಸಲವೂ ತಪ್ಪುತ್ತಿರಲಿಲ್ಲ. ಕ್ರೀಮಕ್ಕ ಇದನ್ನು ಗಮನಿಸಿದಳು. ಮರುದಿನ ಎರಡು ಕೇಕಿನ ಮೇಲಿನ ಅಕ್ಷರ ಒರೆಸಿ ಮತ್ತೆ ಬರೆದಳು.

ಇನ್ನೂ ಕಷ್ಟದ ಸಂಗತಿಯೆಂದರೆ ಆ ಹೆಂಗಸು ಆಕೆಗೆ ಹಿಡಿಸತೊಡಗಿದ್ದಳು. ಅಪಸ್ವರದಲ್ಲಿ ಹಾಡುತ್ತ ಕಿಟಕಿಯ ಪಕ್ಕ ಕೂರುವ ಹೆಂಗಸನ್ನು ದ್ವೇಷಿಸುವುದು ಸುಲಭವಲ್ಲ. ಪಾಪಪ್ರಜ್ಞೆಗೋ ಪ್ರೀತಿಗೋ, ಆಕೆ ಸಂಜೆ ಸಂಜೆ ಬೇಕರಿಯಿಂದ ಒಂದು ಪೊಟ್ಟಣ ಕಟ್ಟಿಕೊಂಡು ಬರತೊಡಗಿದಳು.

"ಇದು ನಿಮ್ಮ ಮನೆಯವರಿಗೆ."

ಆತ ಪೊಟ್ಟಣ ಹಿಡಿದು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಬಸ್ಸು ಬಂತು. ಮರುದಿನ ಆಕೆಯೇ ಕೇಳಿದಳು: "ಹೇಗಿತ್ತಂತೆ? ಅವರಿಗೆ ಸಿಹಿ ಆಗುತ್ತಾ?"

"ಅವಳಿಗೆ ಸಿಹಿ ಅಂದ್ರೆ ಪ್ರಾಣ," ಎಂದ ಆತ, ರಸ್ತೆಯ ಆಚೆ ನೋಡುತ್ತ.

ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಉತ್ತರ. ಆದರೆ ಕನ್ನಡದಲ್ಲಿ ಅದು ಲಕ್ಷಣವಾದ ಪೂರ್ಣ ವಾಕ್ಯ. ಕ್ರಿಯಾಪದ ಎಲ್ಲಿ ಎಂದು ಕೇಳಲು ಅಲ್ಲಿ ಟೀಚರಮ್ಮ ಇರಲಿಲ್ಲ.

ಎಲ್ಲರೂ ಆಕೆಯನ್ನು ಕ್ರೀಮಕ್ಕ ಎನ್ನುತ್ತಿದ್ದರು. ಆತ ಮಾತ್ರ "ಕ್ರೀಮ್ ಅವರೇ" ಎನ್ನುತ್ತಿದ್ದ. ಕ್ಷೌರಿಕನ ಕಿವಿ ಬಲು ಚುರುಕು. "ಏನ್ ಲಿಫ್ಟಣ್ಣ, ನಾವೆಲ್ಲ ಕ್ರೀಮಕ್ಕ ಅಂತೀವಿ. ನೀವು ಕ್ರೀಮು ಉಳಿಸಿಕೊಂಡು ಅಕ್ಕನ್ನ ನುಂಗಿಬಿಟ್ರಲ್ಲ?"

ಆತನ ಕಿವಿ ಕೆಂಪಾಯಿತು. ಆಕೆ ಅಂದಿನಿಂದ ಲಿಫ್ಟಣ್ಣ ಎನ್ನುವಾಗ 'ಅಣ್ಣ'ವನ್ನು ಒತ್ತಿ ಹೇಳತೊಡಗಿದಳು. ಅದೊಂದು ಬೇಲಿ. ಪ್ರತಿ ಸಲ ಹೇಳಿದಾಗಲೂ ಒಂದು ಗೂಟ ನೆಟ್ಟಂತೆ. ನೆಟ್ಟ ಗೂಟವೆಲ್ಲ ತನ್ನ ಎದೆಗೇ ಇಳಿಯುತ್ತಿತ್ತು ಎಂಬುದು ಬೇರೆ ಮಾತು.

"ಅತ್ತಿಗೆ, ಇಂಗ್ಲಿಷ್ ಕಲಿಯೋಕೆ ಪೌಡರ್ ಯಾಕೆ?" ಎಂದು ತಮ್ಮನ ಹೆಂಡತಿ ಒಂದು ಸಂಜೆ ಬಾಗಿಲಿಗೆ ಒರಗಿ ಕೇಳಿದಳು.

"ಸೆಖೆ ಕಣೇ," ಎಂದು ಆಕೆ ಸೆರಗಿನಿಂದ ಕನ್ನಡಿ ಮುಚ್ಚಿದಳು.

"ನಾನು ಕೇಳಿದ್ದು ಪೌಡರಿನ ವಿಷಯ. ನೀವು ಕನ್ನಡಿ ಯಾಕೆ ಮುಚ್ಚಿದ್ರಿ?" ಎಂದು ಅವಳು ನಕ್ಕಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಕಥೆಯಾಯಿತು.

ಆ ದಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ಆಕೆ ಪ್ರಾರ್ಥಿಸಿದಳು. 'ದೇವರೇ, ನಾನು ನಿನ್ನ ಹತ್ತಿರ ಏನೂ ಕೇಳಿದವಳಲ್ಲ. ಈಗಲೂ ಕೇಳುತ್ತಿಲ್ಲ. ಇನ್ನೊಬ್ಬಳ ಗಂಡ ನಕ್ಕರೆ ಕಣ್ಣಿನ ಪಕ್ಕ ಎರಡು ಗೆರೆ ಬೀಳುತ್ತವೆ ಎಂಬುದು ನನಗೆ ಕಾಣಿಸದ ಹಾಗೆ ಮಾಡು, ಅಷ್ಟೇ ಸಾಕು.' ದೇವರು ಇಂಥ ಪ್ರಾರ್ಥನೆಗಳಿಗೆ ಉತ್ತರ ಕೊಡುವ ಅವಸರ ತೋರುವುದಿಲ್ಲ. ಆಮೇಲೂ ಗೆರೆಗಳು ಕಾಣುತ್ತಲೇ ಇದ್ದವು.

ಕೊನೆಗೆ ಆಕೆಯೇ ಗಟ್ಟಿ ಮನಸ್ಸು ಮಾಡಿದಳು. ಒಂದು ಸಂಜೆ ಮೆಟ್ಟಿಲ ಬುಡದಲ್ಲೇ ನಿಂತು ಹೇಳಿಬಿಟ್ಟಳು.

"ಲಿಫ್ಟಣ್ಣ, ಇವತ್ತಿನಿಂದ ನಾನು ಬೇರೆ ದಾರೀಲಿ ಹೋಗ್ತೀನಿ."

"ಬೇರೆ ದಾರಿ ಎಲ್ಲಿದೆ? ಆ ಕಡೆ ಗೋಡೆ ಇದೆಯಲ್ಲ."

"ಗೋಡೆ ಸುತ್ತಿಕೊಂಡು ಹೋಗ್ತೀನಿ. ಹೀಗೆ ದಿನಾ ಜೊತೆಗೆ ನಡೆದ್ರೆ ನಿಮ್ಮ ಮನೆಯವರು ಏನಂದುಕೊಂಡಾರು?"

ಆತನ ಮುಖದಿಂದ ನಗು ಜಾರಿತು. "ಅವಳು... ಅವಳು ಏನೂ ಅಂದುಕೊಳ್ಳಲ್ಲ."

ಆಕೆಗೆ ರೇಗಿತು. "ಏನೂ ಅಂದುಕೊಳ್ಳದಷ್ಟು ಒಳ್ಳೆಯವರಾ? ಹಾಗಿದ್ರೆ ಇನ್ನೂ ತಪ್ಪು! ಅಂಥವರ ಗಂಡ ನೀವು, ನಿಮಗೆ ಅಷ್ಟೂ ತಿಳಿಯಬೇಡವಾ?" ಎಂದವಳೇ ತಿರುಗಿ ನೋಡದೆ ನಡೆದಳು. ಗೋಡೆ ಬಹಳ ಉದ್ದವಿತ್ತು. ಅದನ್ನು ಸುತ್ತಿ ಬರುವಷ್ಟರಲ್ಲಿ ಎರಡು ಬಸ್ಸು ಹೋಗಿದ್ದವು.

ಆಮೇಲೆ ಕೆಲವು ದಿನ ಇಬ್ಬರೂ ಕ್ಲಾಸಿನಲ್ಲಿ ಹಲಗೆಯನ್ನು ಮಾತ್ರ ನೋಡಿದರು. ಅಷ್ಟು ಶ್ರದ್ಧೆಯ ವಿದ್ಯಾರ್ಥಿಗಳನ್ನು ಟೀಚರಮ್ಮ ಹಿಂದೆಂದೂ ಕಂಡಿರಲಿಲ್ಲ.

ಭೂತಕಾಲದ ದಿನ ಬಂತು.

ಟೀಚರಮ್ಮ ಹಲಗೆಯ ಮೇಲೆ ವಾಸ್, ವರ್ ಎಂದು ಬರೆದರು. ಅದರ ಕೆಳಗೆ ಗೋ, ವೆಂಟ್. ಕಮ್, ಕೇಮ್.

"'ಬಂದೆ' ಅನ್ನೋದಕ್ಕೆ ಏನಂತೀರಿ?"

"ಐ ಕೇಮ್," ಎಂದ ಕ್ಷೌರಿಕ. "ಆದ್ರೆ ಟೀಚರಮ್ಮ, ಗಿರಾಕಿ ಕೂಗಿದಾಗ ನಾನು 'ಬಂದೆ ಬಂದೆ' ಅಂತೀನಿ. ಬಂದಿರಲ್ಲ. ಒಳಗೆ ಊಟ ಮಾಡ್ತಾ ಇರ್ತೀನಿ. ಅದಕ್ಕೇನು ಇಂಗ್ಲಿಷು?"

"ಅದಕ್ಕೆ ಸುಳ್ಳು ಅಂತಾರೆ. ಕೂತ್ಕೋ." ನಗು ನಿಲ್ಲುವವರೆಗೆ ಅವರು ಕಾದರು. "ಈಗ ಎಲ್ಲರೂ ಮೊದಲನೇ ದಿನ ಹೇಳಿದ ವಾಕ್ಯವನ್ನ ಭೂತಕಾಲಕ್ಕೆ ತನ್ನಿ. ಲಿಫ್ಟಣ್ಣ, ನಿಮ್ಮದು ಸುಲಭ ಇದೆ. ಹೇಳಿ."

ಆತ ಎದ್ದ. "ಮೈ ವೈಫ್..." ಎಂದ. ನಿಂತ.

"ಹೂಂ. ಈಸ್ ಹೋಗಿ ಏನಾಗುತ್ತೆ?"

ಆತ ಬೆಂಚಿನ ಅಂಚನ್ನು ಎರಡು ಕೈಯಲ್ಲೂ ಹಿಡಿದುಕೊಂಡ. ತುಟಿ 'ವ'ಕಾರಕ್ಕೆ ದುಂಡಗಾಯಿತು. ದನಿ ಹೊರಡಲಿಲ್ಲ.

"ಮರೆತುಹೋಯ್ತಾ?"

"ಇಲ್ಲ ಟೀಚರಮ್ಮ. ಗೊತ್ತು. ಹೇಳಬೇಕಾದ್ದೂ ಅದೇ. ಎರಡು ವರ್ಷ ಆಯ್ತು, ಆ ಮಾತು ನನ್ನ ಬಾಯಲ್ಲಿ ಇನ್ನೂ ಬಂದಿಲ್ಲ." ಆತ ಕುಳಿತುಬಿಟ್ಟ.

ಕೆಳಗೆ ಯಾರೋ ಟ್ಯೂಬಿಗೆ ಗಾಳಿ ಹೊಡೆಯುತ್ತಲೇ ಇದ್ದರು.

ಟೀಚರಮ್ಮ ಸೀಮೆಸುಣ್ಣದ ಕಡ್ಡಿಯನ್ನು ಮೇಜಿನ ಮೇಲಿಟ್ಟರು. "ಬಿಡಿ," ಎಂದರು. ಅವರ ದನಿ ಮೊದಲ ಸಲ ನಿವೃತ್ತರ ದನಿಯಾಗಿತ್ತು. "ನಮ್ಮ ಯಜಮಾನರು ತೀರಿಕೊಂಡ ವರ್ಷ ನಾನು ಈ ಪಾಠವನ್ನ ಬಿಟ್ಟು ಮುಂದಿನದು ಮಾಡಿದೆ. ಆ ವರ್ಷದ ಮಕ್ಕಳಿಗೆ ಇವತ್ತಿಗೂ ಭೂತಕಾಲ ಸರಿಯಾಗಿ ಬರಲ್ಲ. ಇವತ್ತು ಇಷ್ಟು ಸಾಕು, ಹೋಗಿ ಎಲ್ಲರೂ."

ಕ್ರೀಮಕ್ಕ ಬೆಂಚಿನಿಂದ ಏಳಲಿಲ್ಲ. ಕಟ್ಟಿಕೊಟ್ಟ ಪೊಟ್ಟಣಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಇದು ನಿಮ್ಮ ಮನೆಯವರಿಗೆ. ಇದು ನಿಮ್ಮ ಮನೆಯವರಿಗೆ. ಅಂಥವರ ಗಂಡ ನೀವು ಎಂದು ರೇಗಿದ್ದೂ ಬಂತು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆದರೆ ಅದು ಮಹಡಿ. ಬಾಯಿ ಬಿಟ್ಟಿದ್ದರೆ ಸೈಕಲ್ ಅಂಗಡಿಗೆ ಬೀಳುತ್ತಿದ್ದಳು.

ಆತ ಮೆಟ್ಟಿಲ ಮೇಲೆ ಕುಳಿತಿದ್ದ. ಆಕೆ ಒಂದು ಮೆಟ್ಟಿಲು ಬಿಟ್ಟು ಮೇಲೆ ಕುಳಿತಳು.

"ನನಗೆ ಹೇಳಬಾರದಿತ್ತಾ?"

"ಪ್ರತಿ ಸಲ ಬಾಯಿ ತೆಗೆದೆ. ಬಸ್ಸು ಬರ್ತಿತ್ತು." ಆತ ಅಂಗೈ ನೋಡಿಕೊಂಡ. "ಬಸ್ಸಿನದೇನು ತಪ್ಪು, ನನಗೇ ಇಷ್ಟ ಇರಲಿಲ್ಲ. ನಮ್ಮ ಮಾತಿನಲ್ಲಿ ಹೇಗೋ ತಪ್ಪಿಸಿಕೊಳ್ಳಬಹುದು. ಒಳ್ಳೆಯವಳು, ಎತ್ತರ, ಮಂಡಿ ನೋವು, ಸಿಹಿ ಅಂದ್ರೆ ಪ್ರಾಣ. ಇದ್ದಾಳಾ, ಇದ್ದಳಾ ಅಂತ ಯಾರೂ ಕೇಳಲ್ಲ. ಇಲ್ಲಿ ಬಂದ್ರೆ ಟೀಚರಮ್ಮ ಹಿಡಿದುಕೊಂಡ್ರು. ಹಲಗೆ ಮೇಲೆ ನೋಡಿದ್ರೆ 'ಈಸ್' ಒಂದೇ ಇತ್ತು. ಹೇಳಿದೆ. ಹೇಳಿದ ಕೂಡಲೇ ಅವಳು ಎದ್ದು ಕೂತ ಹಾಗಾಯ್ತು ಕಣ್ರೀ. ಆಮೇಲೆ ನಾನು ಕ್ಲಾಸಿಗೆ ಬರ್ತಿದ್ದದ್ದೇ ಅದಕ್ಕೆ."

"ಬರೀ ಅದಕ್ಕೇನಾ?"

ಆತ ತಲೆಯೆತ್ತಿ ಆಕೆಯನ್ನು ನೋಡಿದ. ಕಿವಿ ಕೆಂಪಾಯಿತು.

"ನಾವಿರೋ ಕಟ್ಟಡದ ಲಿಫ್ಟಿಗೆ ಬಾಗಿಲು ನಿಧಾನ ಮುಚ್ಚೋ ಹಾಗೆ ಮಾಡಿಟ್ಟಿದೀನಿ. ಅವಳಿಗೆ ಬೇಗ ನಡೆಯೋಕೆ ಆಗ್ತಿರಲಿಲ್ಲ. ನಮ್ಮ ಮಹಡೀಲಿ ಮಾತ್ರ ಬಾಗಿಲು ಬಹಳ ಹೊತ್ತು ತೆರೆದೇ ಇರುತ್ತೆ. ಮಿಕ್ಕವರೆಲ್ಲ ಬೈತಾರೆ. ಸರಿಮಾಡೋಕೆ ಒಂದು ಸ್ಕ್ರೂ ತಿರುಗಿಸಿದ್ರೆ ಸಾಕು." ಜೇಬಿನ ಸ್ಕ್ರೂಡ್ರೈವರನ್ನು ಮುಟ್ಟಿ ನೋಡಿಕೊಂಡ. "'ಆಗ್ತಿರಲಿಲ್ಲ' ಅಂದುಬಿಟ್ಟೆ ಅಲ್ವಾ ಈಗ?"

"ಅಂದ್ರಿ."

ಆಕೆ, ಇಂಥ ಹೊತ್ತಿನಲ್ಲಿ ಕೇಳಬಾರದೆಂದು ಗೊತ್ತಿದ್ದೂ, ತಡೆಯಲಾರದೆ ಕೇಳಿದಳು. "ಹಾಗಾದ್ರೆ ಆ ಕೇಕೆಲ್ಲ ಯಾರು ತಿಂದರು?"

"ನಾನೇ. ನನ್ನ ಪಾಲೂ ಅವಳ ಪಾಲೂ. ನಾಲ್ಕು ಕೆ.ಜಿ. ಹೆಚ್ಚಾಗಿದೀನಿ. ಮೊ‌ನ್ನೆ ಲಿಫ್ಟೊಳಗೆ ಕಾಲಿಟ್ಟೆ, ಭಾರ ಜಾಸ್ತಿ ಅಂತ ಗಂಟೆ ಹೊಡೀತು. ಒಬ್ಬನೇ ಇದ್ದೆ."

ಆಕೆಗೆ ನಗು ಬಂತು. ನಗಬಾರದೆಂದು ತುಟಿ ಕಚ್ಚಿದಳು. ಆತನೇ ಮೊದಲು ನಕ್ಕ. ನಗುತ್ತ ನಗುತ್ತ ಕಣ್ಣೊರೆಸಿಕೊಂಡ. ಎರಡು ಗೆರೆಗಳು ಒದ್ದೆಯಾದವು.

"ನೋಡಿ," ಎಂದಳು ಆಕೆ. "ಪರೀಕ್ಷೇಲಿ ಬೇಕಾದ್ರೆ 'ವಾಸ್' ಅಂತ ಬರೀರಿ. ನನ್ನ ಹತ್ರ 'ಈಸ್' ಅಂತಲೇ ಹೇಳಿ. ನನಗೆ ಅವರ ಪರಿಚಯ ಆಗಿದೆ. ಅಪಸ್ವರದಲ್ಲಿ ಹಾಡ್ತಾರೆ, ಕಿಟಕಿ ಪಕ್ಕ ಕೂತ್ಕೋತಾರೆ. ಅವರಿಗೋಸ್ಕರ ಅಂಚು ಸೀಯದೆ ಇರೋ ಚೂರನ್ನೇ ಹುಡುಕಿ ಹುಡುಕಿ ಕಟ್ಟಿಕೊಂಡು ಬರ್ತಿದ್ದೆ. ಈಗ ಇದ್ದಕ್ಕಿದ್ದ ಹಾಗೆ ಭೂತಕಾಲಕ್ಕೆ ಕಳಿಸಿ ಅಂದ್ರೆ ನನ್ನಿಂದಲೂ ಆಗಲ್ಲ."

ಆತ ಮೆಟ್ಟಿಲಿನಿಂದ ಎದ್ದು ಪ್ಯಾಂಟಿನ ಧೂಳು ಕೊಡವಿದ. ಆಮೇಲೆ, "ನಡೀರಿ, ಬಸ್ಸು ಬರುತ್ತೆ," ಎಂದ.

"ನಡೀರಿ," ಎಂದಳು. ಅಣ್ಣ ಎನ್ನಲಿಲ್ಲ. ಆತ ಅದನ್ನು ಗಮನಿಸಿದ. ಗಮನಿಸಿದ್ದು ಆಕೆಗೆ ತಿಳಿಯಿತು. ಅಂದು ಗೋಡೆಯ ಕಡೆ ಯಾರೂ ನೋಡಲಿಲ್ಲ.

ಆದರೂ ಕಥೆ ಮುಗಿಯಲಿಲ್ಲ. ಆತ ಪ್ರತಿ ಸಂಜೆ ಬಸ್ ಸ್ಟಾಪಿನಲ್ಲಿ "ಕ್ರೀಮ್ ಅವರೇ, ಒಂದು ಮಾತು..." ಎನ್ನುತ್ತಿದ್ದ. ಆಕೆ ಉಸಿರು ಬಿಗಿಹಿಡಿಯುತ್ತಿದ್ದಳು. "ನಾಳೆ ಕ್ಲಾಸಿದೆಯಾ?" ಎಂದು ಆತ ಮುಗಿಸುತ್ತಿದ್ದ. ನಾಳೆ ಕ್ಲಾಸಿರುವುದು ಇಬ್ಬರಿಗೂ ಗೊತ್ತಿತ್ತು.

ಅಷ್ಟರಲ್ಲಿ ಟೀಚರಮ್ಮ ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತುಮಾಡಿಕೊಂಡರು. "ಈ ಟರ್ಮು ಇಲ್ಲಿಗೆ ಮುಗಿಸೋಣ. ಭವಿಷ್ಯತ್ಕಾಲ ಮುಂದಿನ ಟರ್ಮಿಗೆ," ಎಂದರು. ಆತನ ಕಾಲು ವಾಸಿಯಾಗಿತ್ತು. ಕಂಪನಿಯವರು ಊರಿನ ಆಚೆ ತುದಿಯ ಹೊಸ ಕಟ್ಟಡಗಳಿಗೆ ಹಾಕಿದ್ದರು. ಇನ್ನು ಮೇಲೆ ಬಸ್ಸೂ ಬೇರೆ, ದಾರಿಯೂ ಬೇರೆ. ಕೊನೆಯ ಕ್ಲಾಸು ಕಳೆದರೆ ಭೇಟಿಯಾಗಲು ಒಂದು ನೆಪವೂ ಉಳಿಯುವುದಿಲ್ಲ. ಎಷ್ಟೋ ಜೋಡಿಗಳ ಒಪ್ಪಿಗೆಯನ್ನು ಕೇಕಿನ ಮೇಲೆ ಬರೆದವಳಿಗೆ ತನ್ನ ಮನಸ್ಸನ್ನು ಹೇಳಲು ನಾಲಿಗೆ ಏಳಲಿಲ್ಲ. ಆತ ಕೇಳಬೇಕು. ಕೇಳದಿದ್ದರೆ ದೇವರಿಚ್ಛೆ ಎಂದುಕೊಂಡಳು. ಆದರೆ ಈ ಒಂದು ಸಲ ದೇವರಿಚ್ಛೆಗೆ ಕೈಮುಗಿಯಲು ಮನಸ್ಸು ಒಪ್ಪಲಿಲ್ಲ.

ಕೊನೆಯ ದಿನ ಬಾಯಿಪರೀಕ್ಷೆ. ಒಬ್ಬರು ಎದ್ದು ಪಕ್ಕದವರಿಗೆ ಒಂದು ಪ್ರಶ್ನೆ ಕೇಳಬೇಕು. ಪಕ್ಕದವರು ಉತ್ತರ ಹೇಳಬೇಕು. ಟೀಚರಮ್ಮ ತಲೆ ತಗ್ಗಿಸಿ ಅಂಕ ಹಾಕುತ್ತಿದ್ದರು.

"ಡೂ ಯು ಕಟ್ ಹೇರ್?" ಎಂದು ಕ್ಷೌರಿಕ ಲಿಫ್ಟಿನವನನ್ನು ಕೇಳಿದ.

"ನೋ. ಐ ಕಟ್ ವೈರ್."

"ಸರಿ. ಈಗ ನೀವು ಪಕ್ಕದವರನ್ನ ಕೇಳಿ," ಎಂದರು ಟೀಚರಮ್ಮ.

ಆತ ಕ್ರೀಮಕ್ಕನ ಕಡೆ ತಿರುಗಿದ. ಹಣೆಯಲ್ಲಿ ಬೆವರು. ಜೇಬಿನ ಸ್ಕ್ರೂಡ್ರೈವರನ್ನು ತೆಗೆದ, ನೋಡಿದ, ಮತ್ತೆ ಜೇಬಿಗಿಟ್ಟ. ಒಂದು ಸಲ ಕಿಟಕಿಯಾಚೆ ನೋಡಿದ. ಅಲ್ಲಿ ಯಾವ ಬಸ್ಸೂ ಬರಲಿಲ್ಲ.

"ಯು ಮ್ಯಾರಿ ಮಿ?"

"ಪ್ರಶ್ನೆ ಆಗಲಿಲ್ಲ," ಎಂದರು ಟೀಚರಮ್ಮ, ತಲೆಯೆತ್ತದೆ. "ಮುಂದೆ 'ಡೂ' ಸೇರಿಸಿ."

"ಡೂ... ಡೂ ಯು ಮ್ಯಾರಿ ಮಿ?"

"ವ್ಯಾಕರಣ ಸರಿ, ಅರ್ಥ ತಪ್ಪು. ಈ ರೂಪ ದಿನಾ ಮಾಡೋ ಕೆಲಸಕ್ಕೆ ಮಾತ್ರ. ಹಲ್ಲುಜ್ಜೋದು, ನಡೆಯೋದು, ನೀರು ಕುಡಿಯೋದು. ಒಂದು ಸಲ ಆಗೋ ಕೆಲಸಕ್ಕೆ 'ವಿಲ್' ಬೇಕು, ಅದು ಮುಂದಿನ..." ಅವರ ಪೆನ್ನು ನಿಂತಿತು. ಕನ್ನಡಕ ಮೂಗಿನ ತುದಿಗೆ ಇಳಿಯಿತು. "ನೀವೀಗ ಏನಂತ ಕೇಳಿದ್ರಿ?"

"ದಿನಾ ಮದುವೆ ಆಗ್ತೀರಾ ಅಂತ ಕೇಳಿದ್ರು ಟೀಚರಮ್ಮ!" ಎಂದು ಕ್ಷೌರಿಕ ಬೆಂಚು ಬಡಿದ. ಇಡೀ ಕೋಣೆ ಹೋ ಎಂದಿತು.

ಆತ ಅಲ್ಲಾಡದೆ ನಿಂತಿದ್ದ. "ಹಾಗಾದ್ರೆ ಮುಂದಿನ ಟರ್ಮಿನವರೆಗೆ ಕಾಯಬೇಕಾ?" ಎಂದು ಸಣ್ಣ ದನಿಯಲ್ಲಿ ಕೇಳಿದ. ಕೇಳಿದ್ದು ಟೀಚರಮ್ಮನನ್ನು, ನೋಡಿದ್ದು ಆಕೆಯನ್ನು.

ಕ್ರೀಮಕ್ಕ ಎದ್ದು ನಿಂತಳು. ದಿನಾ ಮಾಡುವ ಕೆಲಸವೆಂದರೆ ಏನೆಂದು ಆಕೆಗೆ ಗೊತ್ತಿತ್ತು. ಬೆಳಿಗ್ಗೆ ಏಳುವುದು, ಹಿಟ್ಟು ಕಲಸುವುದು, ಕಾಯಿಲೆಯವರ ಹಾಸಿಗೆ ಕೊಡವುವುದು, ದೇವರಿಗೆ ಕೈಮುಗಿಯುವುದು. ಬದುಕಿನಲ್ಲಿ ಅವಳು ನಂಬಿದ್ದು ಅವನ್ನೇ. ಒಂದೇ ಸಲ ಮಾಡಿ ಮುಗಿಸುವ ಕೆಲಸಗಳ ಮೇಲೆ ಆಕೆಗೆ ಎಂದೂ ಅಷ್ಟು ಭರವಸೆ ಇರಲಿಲ್ಲ.

"ಯೆಸ್," ಎಂದಳು.

ಕ್ಷೌರಿಕ ಬೆಂಚು ಬಡಿಯುವುದನ್ನು ಬಿಟ್ಟ.

"ಪೂರ್ತಿ ವಾಕ್ಯದಲ್ಲಿ ಹೇಳಿ," ಎಂದರು ಟೀಚರಮ್ಮ. ಅಭ್ಯಾಸಬಲ.

"ಯೆಸ್. ಐ ಮ್ಯಾರಿ ಯು." ಆಕೆ ಉಸಿರೆಳೆದುಕೊಂಡಳು. "ಎವ್ರಿ ಡೇ."

ಟೀಚರಮ್ಮ ಆ ವಾಕ್ಯವನ್ನು ತುಟಿಯಲ್ಲೇ ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಹೇಳಿಕೊಂಡರು. ಕನ್ನಡಕ ತೆಗೆದು ಕರವಸ್ತ್ರದಿಂದ ಬಹಳ ಹೊತ್ತು ಒರೆಸಿದರು. ತಪ್ಪು ಸಿಗಲಿಲ್ಲ.

"ಸರಿ ಇದೆ," ಎಂದರು. "ಕೂತ್ಕೊಳ್ಳಿ ಇಬ್ಬರೂ."

ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತರು. ಮಕ್ಕಳ ಅಳತೆಯ ಬೆಂಚು, ಜಾಗ ಸಾಲಲಿಲ್ಲ. ಯಾರೂ ಏಳಲಿಲ್ಲ.